ಬ್ರೇಕ್ ಏರ್ ತೆಗೆಯಲು ಒಬ್ಬರೇ ಸಾಕು

ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಭಾಗ) ನೀವೇ ಬಿಚ್ಚಿ ಹಾಕಿದ್ದರೆ, ಬ್ರೇಕ್ ಆಯಿಲ್‌ಗೆ ಸೇರಿದ ಏರ್ ಅಂದರೆ ಗಾಳಿ ತೆಗೆಯಲು ಪೆಡಲ್ ತುಳಿಯುವವರನ್ನು ಹುಡುಕಬೇಕಿಲ್ಲ. ಕ್ಯಾಲಿಪರ್ ಮೇಲಿರುವ ಬ್ಲೀಡರ್ ನಿಪ್ಪಲ್‌ಗೆ (ಗಾಳಿ ಹೊರಬಿಡುವ ತೂತಿನ ಸ್ಕ್ರೂ) ಬಿಗಿಯಾಗಿ ಕೂರುವ, ಒಳಗೆ ಕಾಣುವಂಥ ಟ್ಯೂಬ್ ಸಿಕ್ಕಿಸಿ. ಅದನ್ನು ಮೊದಲು ಮೇಲಕ್ಕೆ ಬಾಗಿಸಿ, ತುದಿಯನ್ನು ಸ್ವಲ್ಪ ಹೊಸ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ನಿಪ್ಪಲ್ ಕಾಲು ಸುತ್ತು ಸಡಿಲಿಸಿ, ಪೆಡಲ್ ನಿಧಾನವಾಗಿ ತುಳಿದು ನಿಧಾನವಾಗಿ ಬಿಡಿ. ಗುಳ್ಳೆ ಟ್ಯೂಬಿನಲ್ಲಿ ಮೇಲೇರುತ್ತದೆ, ಪೆಡಲ್ ಬಿಟ್ಟಾಗ ಒಳಗೆ ಹೋಗುವುದು ಆಯಿಲ್ ಮಾತ್ರ, ಗಾಳಿಯಲ್ಲ. ನಾಲ್ಕೈದು ಸಲಕ್ಕೊಮ್ಮೆ ಮೇಲಿನ ಬ್ರೇಕ್ ಆಯಿಲ್ ಡಬ್ಬಿ ನೋಡಿ, ಅದು ಖಾಲಿಯಾದರೆ ಮತ್ತೆ ಮೊದಲಿಂದ! ಹೋದ ಮಳೆಗಾಲದಲ್ಲಿ ತೆರೆದಿಟ್ಟ ಆಯಿಲ್ ಸುಮ್ನೆ ಎಸೆಯಿರಿ. ನಮ್ಮ ಮಡಿಕೇರಿ ತೇವವನ್ನು ಅದು ಹೀರಿಕೊಂಡಿರುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಕಾಯುತ್ತದೆ, ಆಗ ಇದು ಸಣ್ಣ ವಿಷಯ ಅಲ್ಲ ಅಲ್ವಾ? ಗುಳ್ಳೆ ನಿಲ್ಲದೇ ಬರುತ್ತಿದ್ದರೆ ನಿಪ್ಪಲ್ ಜಾಸ್ತಿ ಸಡಿಲವಾಗಿ, ಥ್ರೆಡ್ ಸಂದಿಯಿಂದ ಗಾಳಿ ಎಳೆಯುತ್ತಿರಬಹುದು. ಎಡಬಲ ಕ್ಯಾಲಿಪರ್ ಅದಲುಬದಲಾಗಿ ನಿಪ್ಪಲ್ ಕೆಳಗೆ ಬಂದಿದ್ದರೆ ಎಷ್ಟು ತುಳಿದರೂ ಏರ್ ಹೋಗುವುದಿಲ್ಲ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಯೂನಿಟ್ ಒಳಗೆ ಏರ್ ಸೇರಿದ್ದರೂ ಈ ಉಪಾಯ ನಡೆಯದೇ ಇರಬಹುದು, ಅದಕ್ಕೆ ಸ್ಕ್ಯಾನರ್ ಇರುವ ಗ್ಯಾರೇಜ್ ಬೇಕು. ನಿಪ್ಪಲ್ ಬಿಗಿ ಮಾಡಿದ ಮೇಲೇ ಟ್ಯೂಬ್ ತೆಗೆಯಿರಿ. ಪೇಂಟ್ ಮೇಲೆ ಹನಿ ಬಿದ್ದರೆ ತಕ್ಷಣ ನೀರು ಸುರಿಯಿರಿ, ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ.