ಪ್ರಬಂಧ ಅಂದ್ರೆ ಯಾವ ಪ್ರಬಂಧ?

ನಾನು ಕಾಲೇಜೊಂದರಲ್ಲಿ ಲೈಬ್ರರಿಯನ್. ಕನ್ನಡ ಎಂ.ಎ. ಮಕ್ಕಳಿಗೆ ಆಗುತ್ತೆ ಅಂತ ನೆಟ್ಟಿನಲ್ಲಿ ಸಿಗುವ ಪುಸ್ತಕ, ಥೀಸಿಸ್, ಉಪನ್ಯಾಸ ಎಲ್ಲದರ ಲಿಂಕನ್ನೂ ಒಂದು ಗೂಗಲ್ ಶೀಟಿನಲ್ಲಿ ಕೂಡಿಹಾಕುತ್ತಿದ್ದೆ. ಐನೂರು ದಾಟಿದ ಮೇಲೆ ನನಗೇ ಏನೂ ಸಿಗದ ಹಾಗಾಯಿತು.

ಒಂದು ದಿನ ಒಬ್ಬ ಹುಡುಗಿ ಬಂದು, "ಸರ್, ಅಲ್ಲಮನ ಬಗ್ಗೆ ಒಂದು ಪ್ರಬಂಧ ಬೇಕಿತ್ತು, ನಾಳೆನೇ ಸೆಮಿನಾರ್" ಅಂದಳು. ಹುಡುಕಿ, ಮೊದಲು ಬಂದ ಲಿಂಕ್ ಕಳಿಸಿದೆ. ಹತ್ತು ನಿಮಿಷಕ್ಕೆ ವಾಪಸ್. "ಸರ್, ಇದು ನಾನೂರು ಪುಟ ಇದೆ!" ನಾನು ಕಳಿಸಿದ್ದು, ನಮ್ಮ ವಿಶ್ವವಿದ್ಯಾಲಯಗಳ ಥೀಸಿಸ್‌ಗಳು ಸಿಗುವ ಶೋಧಗಂಗಾ ಜಾಲತಾಣದಲ್ಲಿದ್ದ ಪಿಎಚ್.ಡಿ. ಥೀಸಿಸ್. ಲಲಿತ ಪ್ರಬಂಧವೂ ಪ್ರಬಂಧ, ಮಹಾಪ್ರಬಂಧವೂ ಪ್ರಬಂಧ, ಸೆಮಿನಾರಿನಲ್ಲಿ ಓದುವ ಎಂಟು ಪುಟವೂ ಪ್ರಬಂಧವೇ ಅಲ್ವಾ?

ಅವತ್ತು ರಾತ್ರಿ ಶೀಟಿಗೆ 'ಬಗೆ' ಅಂತ ಹೊಸ ಕಾಲಂ ಹಾಕಿದೆ. ಮೊದಲು ಮಾಡಿದ್ದು ದಡ್ಡ ಕೆಲಸ: ಪಿಡಿಎಫ್, ವಿಡಿಯೊ, ಆಡಿಯೊ, ವೆಬ್‌ಸೈಟ್ ಅಂತ ತುಂಬುತ್ತಾ ಹೋದೆ. 'ಪಿಡಿಎಫ್ ಇದ್ರೆ ಕಳ್ಸಿ ಸರ್' ಅಂತ ಮಕ್ಕಳು ಕೇಳುತ್ತಾರೆ ನಿಜ, ಆದರೆ ಅವರ ತಲೆಯಲ್ಲಿರುವುದು ಪುಸ್ತಕವೋ ನೋಟ್ಸೋ ಹಳೇ ಪ್ರಶ್ನೆಪತ್ರಿಕೆಯೋ. ಪುಸ್ತಕ, ವಿಡಿಯೊ ಇಂಥವುಗಳ ವಿವರ ಬರೆದಿಡೋಕೆ ಇರುವ ಮಾನದಂಡ ಡಬ್ಲಿನ್ ಕೋರ್‌ನ 15 ಅಂಶಗಳಲ್ಲಿ ಟೈಪ್ (ಅದು ಎಂಥದ್ದು) ಬೇರೆ, ಫಾರ್ಮ್ಯಾಟ್ (ಯಾವ ರೂಪದ ಫೈಲು) ಬೇರೆ ಅಂತ ಪರೀಕ್ಷೆಗೆ ಉರು ಹೊಡೆದು ಅಂಕ ತಗೊಂಡವನು ನಾನು! ಸರಿ, ಅವರೇ ಟೈಪ್‌ಗೆ ಕೊಟ್ಟಿರುವ 12 ಪದಗಳನ್ನು ಹಾಕಿ ನೋಡಿದೆ. ಮುಕ್ಕಾಲು ಪಾಲು ಲಿಂಕು 'ಪಠ್ಯ' ಅನ್ನುವ ಒಂದೇ ಡಬ್ಬಿಗೆ ಬಿದ್ದವು. ವಚನವೂ ಪಠ್ಯ, ವಚನದ ಮೇಲಿನ ಥೀಸಿಸ್ಸೂ ಪಠ್ಯ.

ಆಮೇಲೆ ಎರಡು ವಾರ, ಮಕ್ಕಳು ಕೇಳುವ ಮಾತನ್ನೇ ರಿಜಿಸ್ಟರಿನ ಹಿಂದಿನ ಪುಟದಲ್ಲಿ ಬರೆದುಕೊಂಡೆ. ಕೊನೆಗೆ ಉಳಿದದ್ದು ಒಂಬತ್ತು ಬಗೆ: ಮೂಲಕೃತಿ, ವಿಮರ್ಶೆ, ಥೀಸಿಸ್, ಸೆಮಿನಾರ್ ಪೇಪರ್, ನಿಘಂಟು, ಉಪನ್ಯಾಸ, ಹಾಡಿಕೆ, ಹಳೇ ಪತ್ರಿಕೆ, ಪ್ರಶ್ನೆಪತ್ರಿಕೆ. ಇದರಲ್ಲಿ ಹೊಸದೇನೂ ಇಲ್ಲ. ಲೈಬ್ರರಿ ಪುಸ್ತಕಗಳಿಗೆ ವಿಷಯವಾರು ನಂಬರ್ ಕೊಡುವ ಡ್ಯೂಯಿ ಪದ್ಧತಿಯಲ್ಲಿ ವಿಷಯದ ನಂಬರಿಗೆ 03 ಸೇರಿಸಿದರೆ ನಿಘಂಟು, 05 ಸೇರಿಸಿದರೆ ನಿಯತಕಾಲಿಕ. ದಿನಾ ಪುಸ್ತಕದ ಬೆನ್ನಿಗೆ ಆ ಚೀಟಿ ಅಂಟಿಸುವವನಿಗೆ ಶೀಟಿನ ಮುಂದೆ ಕೂತಾಗ ಹೊಳೆಯಲಿಲ್ಲ, ಅಷ್ಟೇ.

ಬಗೆಯನ್ನು ಕೈಯಲ್ಲಿ ಟೈಪ್ ಮಾಡಲೇಬಾರದು. ನನ್ನ ಶೀಟಿನಲ್ಲೇ ಥೀಸಿಸ್, ಥಿಸೀಸ್, ತೀಸಿಸ್ ಅಂತ ಮೂರು ರೂಪ ಇದ್ದವು, ಒಂದನ್ನು ಹುಡುಕಿದರೆ ಇನ್ನೆರಡು ಮಾಯ. ಈಗ ಡ್ರಾಪ್‌ಡೌನ್ ಇದೆ, ಆರಿಸಿಕೊಂಡರೆ ಆಯಿತು. 'ಇತರೆ' ಅಂತ ಒಂದು ಇಟ್ಟಿದ್ದೆ, ಒಂದು ತಿಂಗಳಲ್ಲಿ ಅದು ಕಸದ ಬುಟ್ಟಿ ಆಯಿತು, ತೆಗೆದುಹಾಕಿದೆ. ಗೊತ್ತಾಗದಿದ್ದರೆ ಖಾಲಿ ಬಿಡುತ್ತೇನೆ, ಶನಿವಾರ ಕೂತು ನೋಡುತ್ತೇನೆ. ತಲೆನೋವು ಕೊಟ್ಟಿದ್ದು ವಚನ ಸಂಚಯ ಅನ್ನುವ ಜಾಲತಾಣ. ಅಲ್ಲಿ ವಚನ ಓದಬಹುದು, ಒಂದು ಪದ ಯಾವ ಯಾವ ವಚನದಲ್ಲಿ ಬಂದಿದೆ ಅಂತಲೂ ಹುಡುಕಬಹುದು. ಮೂಲಕೃತಿಯೋ, ನಿಘಂಟಿನ ಥರದ್ದೋ? ಸುಮ್ನೆ ಜಗಳ ಯಾಕೆ ಅಂತ ಎರಡು ಸಾಲು ಮಾಡಿ ಎರಡೂ ಕಡೆ ಹಾಕಿದೆ.

ಈಗ ಅಲ್ಲಮ ಅಂತ ಹುಡುಕಿ ಬಗೆಯಲ್ಲಿ ಸೆಮಿನಾರ್ ಪೇಪರ್ ಅಂತ ಆರಿಸಿದರೆ ನಾಲ್ಕೇ ಸಾಲು ಉಳಿಯುತ್ತವೆ. 'ಪ್ರಬಂಧ' ಅನ್ನುವ ಪದ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಯಾರಾದರೂ ಪ್ರಬಂಧ ಬೇಕು ಅಂತ ಬಂದರೆ, ಶೀಟ್ ತೆರೆಯುವ ಮೊದಲೇ ಕೇಳುತ್ತೇನೆ: "ಎಷ್ಟು ಪುಟದ್ದಮ್ಮಾ?"