ಎರ್ಲಡ್ಡು ನೋಡಲು ಥಾರ್‌ಗೆ ಹೋಗುವುದಾದರೆ

ಜೈಸಲ್ಮೇರ್‌ಗೆ ಹೋದವರು ಸಾಮಾನ್ಯವಾಗಿ ಸಮ್ ಊರಿನ ಮರಳುದಿಬ್ಬದಲ್ಲಿ ಒಂಟೆ ಹತ್ತಿ, ಸೂರ್ಯ ಮುಳುಗುವುದನ್ನು ನೋಡಿ ವಾಪಸ್ ಬರುತ್ತಾರೆ. ಪಕ್ಕದಲ್ಲೇ 3,162 ಚದರ ಕಿಲೋಮೀಟರ್ ಹರಡಿರುವ ಡೆಸರ್ಟ್ ನ್ಯಾಷನಲ್ ಪಾರ್ಕ್ ಇದೆ. ನಮ್ಮಲ್ಲಿ ಎರ್ಲಡ್ಡು, ಅಲ್ಲಿ ಗೋಡಾವಣ್, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಕರೆಯುವ ದೊಡ್ಡ ಹಕ್ಕಿಗೆ ಉಳಿದಿರುವ ಮುಖ್ಯ ನೆಲೆ ಅದೇ. ದೇಶದಲ್ಲಿ ಈಗಿರುವುದು ಸುಮಾರು 150 ಮಾತ್ರ. ಅಪ್ಪನಿಗೆ ಅದನ್ನು ಒಮ್ಮೆ ನೋಡಬೇಕಿತ್ತು, ಜನವರಿಯಲ್ಲಿ ಕರೆದುಕೊಂಡು ಹೋದೆ.

ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ದಾಟುತ್ತದೆ. ಮೊಟ್ಟೆ ಇಡುವ ಕಾಲವೂ ಆಗಲೇ ಶುರು. ಚಳಿಗಾಲ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ, ನಸುಕಿನಲ್ಲಿ ತೆರೆದ ಜೀಪಿನಲ್ಲಿ ಕೈ ಮರಗಟ್ಟುತ್ತದೆ. ಅಪ್ಪನಿಗೆ ಸ್ವೆಟರ್ ಸಾಲದೆ ನನ್ನ ಶಾಲನ್ನೂ ಹೊದಿಸಿದ್ದೆ. ಹತ್ತು ಗಂಟೆಗೆ ಎಲ್ಲ ತೆಗೆಯಬೇಕಾಯಿತು.

ಅರಣ್ಯ ಇಲಾಖೆಯ ಅನುಮತಿಯನ್ನು ಹಿಂದಿನ ದಿನವೇ ಜೈಸಲ್ಮೇರ್‌ನಲ್ಲಿ ಮಾಡಿಸಿಕೊಳ್ಳಿ. ಗಡಿ ಹತ್ತಿರದ ಸೀಮೆ, ಗುರುತಿನ ಚೀಟಿಯ ಮೂಲ ಪ್ರತಿ ಜೊತೆಗಿರಲಿ. ಮೊಬೈಲ್ ಸಿಗ್ನಲ್ ನಂಬಬೇಡಿ. ನೀರು, ತಿಂಡಿ ಊರಿಂದಲೇ ಕಟ್ಟಿಕೊಳ್ಳಿ.

ಮುಖ್ಯವಾಗಿ, ಎರಡು ಬೆಳಗ್ಗೆಗಳನ್ನು ಇಟ್ಟುಕೊಳ್ಳಿ. ನಾವು ಮೊದಲ ದಿನ ಪಾರ್ಕಿನೊಳಗಿನ ಸುದಾಸರಿ ಕಡೆ ಹೋದಾಗ ಎರ್ಲಡ್ಡು ಕಾಣಲೇ ಇಲ್ಲ. ಬೇಸರವೇನೂ ಆಗಲಿಲ್ಲ. ಚಿಂಕಾರ ಇತ್ತು, ಮರುಭೂಮಿ ನರಿ ಇತ್ತು, ರಣಹದ್ದು ಇತ್ತು. ಅಲ್ಲಿ ಬರೀ ಮರಳೇ ಇರುತ್ತದೆ ಅಂದುಕೊಂಡಿದ್ದೆ. ಇರುವುದು ಹೆಚ್ಚಾಗಿ ಸೇವಣ್ ಹುಲ್ಲು, ಜಲ್ಲಿನೆಲ, ನಡುನಡುವೆ ಖೇಜ್ರಿ ಮರ. ಖೇಜ್ರಿ ಅಂದರೆ ನಮ್ಮ ಬನ್ನಿಯೇ. ಅಪ್ಪ ಎಲೆ ಮುಟ್ಟಿ ನೋಡಿ ನಮಸ್ಕಾರ ಮಾಡಿದರು.

ಎರಡನೇ ದಿನ ಬೇರೆ ಜೀಪ್ ಮಾಡಿದೆ. ಹಿಂದಿನ ದಿನದ ಚಾಲಕ ನರಿಯ ಹಿಂದೆ ದಾರಿ ಬಿಟ್ಟು ಹುಲ್ಲಿಗೆ ಗಾಡಿ ಇಳಿಸಿದ್ದ, ನನಗೆ ಸಿಟ್ಟು ಬಂದಿತ್ತು. ಈ ಹಕ್ಕಿ ನೆಲದ ಮೇಲೇ ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ಒಂದೇ ಒಂದು. ಹೊರಡುವ ಮುಂಚೆಯೇ ಹೇಳಿಬಿಡಿ: ದಾರಿ ಬಿಡಬಾರದು, ಹಕ್ಕಿಯನ್ನು ಅಟ್ಟಬಾರದು, ಹಕ್ಕಿ ಕಂಡರೆ ಎಂಜಿನ್ ಆರಿಸಬೇಕು. ಬೈನಾಕ್ಯುಲರ್ ಇಲ್ಲದಿದ್ದರೆ ಎರವಲಾದರೂ ತನ್ನಿ.

ಏಳೂವರೆಗೆ ದೂರದ ಹುಲ್ಲಿನಲ್ಲಿ ಬಿಳಿ ಕತ್ತು ಕಂಡಿತು. ಹೆಚ್ಚುಕಡಿಮೆ ಒಂದು ಮೀಟರ್ ಎತ್ತರ, ಕಪ್ಪು ನೆತ್ತಿ, ನಿಧಾನದ ಹೆಜ್ಜೆ. ಅಪ್ಪ ಬೈನಾಕ್ಯುಲರ್ ಕೆಳಗಿಳಿಸಲೇ ಇಲ್ಲ. ಅದು ಹಾರಿದಾಗ ನಾನು ನೋಡಿದ್ದು ಮಾತ್ರ ಆಚೆಯ ವಿದ್ಯುತ್ ತಂತಿಯನ್ನು. ಎದುರಿಗಿರುವುದು ಇವಕ್ಕೆ ಸರಿಯಾಗಿ ಕಾಣುವುದಿಲ್ಲ, ಭಾರದ ಮೈ, ಥಟ್ಟನೆ ತಿರುಗಲು ಆಗುವುದಿಲ್ಲ. ತಂತಿಗೆ ಬಡಿದೇ ಎಷ್ಟೋ ಸತ್ತಿವೆ. ಅವತ್ತು ಅದು ಇನ್ನೊಂದು ದಿಕ್ಕಿಗೆ ಹೋಯಿತು.

ಸಮಯ ಉಳಿದರೆ ಬಾಡ್ಮೇರ್ ರಸ್ತೆಯಲ್ಲಿ ಜೈಸಲ್ಮೇರ್‌ನಿಂದ ಸುಮಾರು 17 ಕಿಲೋಮೀಟರ್ ದೂರದ ಆಕಲ್‌ಗೆ ಹೋಗಿ. ಸುಮಾರು 18 ಕೋಟಿ ವರ್ಷ ಹಿಂದಿನ ಮರದ ದಿಮ್ಮಿಗಳು ಕಲ್ಲಾಗಿ ಬಿದ್ದಿವೆ. ಸಂಜೆ ಹೋಗುವುದು ಒಳ್ಳೆಯದು, ಮಧ್ಯಾಹ್ನ ಅಲ್ಲಿ ಬಿಸಿಲು ಜಾಸ್ತಿ.