ಇಂಗ್ಲೆಂಡಿಗೆ ಹೊರಟಿದ್ದೀರಾ? ಮೊದಲು ಒಂದು ತುಂಡು ನೆಲ ಹಿಡಿಯಿರಿ

ಇಂಗ್ಲೆಂಡಿನಿಂದ ರಜೆಗೆ ಚಿತ್ರದುರ್ಗಕ್ಕೆ ಬಂದಿದ್ದೇನೆ. ನಿನ್ನೆ ದಾವಣಗೆರೆಯಿಂದ ಇಬ್ಬರು ಹುಡುಗರು ಮನೆಗೆ ಬಂದಿದ್ದರು. ಮುಂದಿನ ತಿಂಗಳು ಇಂಗ್ಲೆಂಡಿಗೆ ಹೊರಟವರು. ಬ್ಯಾಂಕು, ಬಾಡಿಗೆ ಮನೆ ಎಲ್ಲ ಕೇಳಿದರು. ಶನಿವಾರ, ಭಾನುವಾರ ಏನು ಮಾಡಬೇಕು ಅಂತ ಮಾತ್ರ ಕೇಳಲಿಲ್ಲ. ಅಲ್ಲಿ ಊರಿನ ನೆನಪು ಜಾಸ್ತಿ ಕಾಡುವುದು ಆ ಎರಡು ದಿನವೇ.

ಹೋದ ಕೂಡಲೇ ಕೌನ್ಸಿಲ್‌ನಲ್ಲಿ, ಅಂದರೆ ಅಲ್ಲಿನ ಸ್ಥಳೀಯ ಆಡಳಿತದಲ್ಲಿ, ಅಲಾಟ್‌ಮೆಂಟಿಗೆ ಹೆಸರು ಬರೆಸಿ. ತರಕಾರಿ ಬೆಳೆಯಲು ವರ್ಷದ ಬಾಡಿಗೆಗೆ ಕೊಡುವ ನೆಲ ಅದು. ಪೂರ್ತಿ ಪ್ಲಾಟ್ ಸುಮಾರು 250 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಅರ್ಧವೇ ಸಾಕು. ಕೆಲವು ಕಡೆ ಸರದಿ ಬರಲು ವರ್ಷಗಳೇ ಹಿಡಿಯುತ್ತವೆ. ಅಲ್ಲಿವರೆಗೆ ಹತ್ತಿರದ ಕಮ್ಯುನಿಟಿ ಗಾರ್ಡನ್‌ಗೆ ಹೋಗಿ ಕಳೆ ಕೀಳಿ, ಜನರ ಪರಿಚಯವಾಗುತ್ತದೆ.

ಮೊದಲ ವರ್ಷ ಯುಗಾದಿ ಮುಗಿಯಿತಲ್ವಾ ಅಂತ ಏಪ್ರಿಲ್‌ನಲ್ಲೇ ಟೊಮೆಟೊ ಸಸಿ ನೆಟ್ಟೆ. ಒಂದು ರಾತ್ರಿ ಹಿಮ ಬಿತ್ತು. ಬೆಳಗ್ಗೆ ಎಲೆಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿದ್ದವು. ಅವ್ವನಿಗೆ ಫೋನು ಮಾಡಿ ಅತ್ತಿದ್ದೆ. ಟೊಮೆಟೊ, ಮೆಣಸಿನ ಸಸಿಯನ್ನು ಮೇ ಕೊನೆಯವರೆಗೂ ಕಿಟಕಿಯ ಒಳಗೇ ಇಟ್ಟುಕೊಳ್ಳಿ.

ಮೆಂತ್ಯ ಸೊಪ್ಪಿನಿಂದ ಶುರು ಮಾಡಿ. ಊರಿಂದ ಬೀಜ ಕಟ್ಟಿಕೊಂಡು ಹೋಗುವುದು ಬೇಡ, ಅದಕ್ಕೆ ನಿಯಮಗಳಿವೆ. ಅಲ್ಲಿನ ಇಂಡಿಯನ್ ಅಂಗಡಿಯ ಅಡುಗೆ ಮೆಂತ್ಯವೇ ಮೊಳೆಯುತ್ತದೆ. ಪಕ್ಕದ ಪ್ಲಾಟಿನ ಅಜ್ಜ ನನ್ನ ಮಡಿ ನೋಡಿ, ಇದು ದನದ ಮೇವಾ ಅಂತ ಕೇಳಿದ್ದರು. ಮರುವಾರ ಮೆಂತ್ಯದ ರೊಟ್ಟಿ ತಟ್ಟಿಕೊಂಡು ಹೋಗಿ ಕೊಟ್ಟೆ. ಅವರು ರೂಬಾರ್ಬ್ ದಂಟು ಕೊಟ್ಟರು. ಕೆಂಪಗೆ, ಒಳ್ಳೆ ಹುಳಿ. ತೊಗರಿಬೇಳೆ ಜೊತೆ ಸಾರು ಮಾಡಿದೆ, ಹುಣಸೆಹಣ್ಣೇ ಬೇಕಾಗಲಿಲ್ಲ. ಅದರ ಎಲೆ ಮಾತ್ರ ವಿಷ, ಕತ್ತರಿಸಿ ಬಿಸಾಡಿ.

ಭಾನುವಾರ ನಡೆಯಲು ಹೋಗಿ. ಬೇಲಿ, ಗೇಟುಗಳ ಮೇಲೆ ಹಳದಿ ಬಾಣದ ಗುರುತು ಕಂಡರೆ ಅದು ಕಾಲುದಾರಿ. ಯಾರದೇ ಹೊಲವಾದರೂ ಆ ದಾರಿಯಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇದೆ. ಮುಚ್ಚಿದ್ದ ಗೇಟು ತೆಗೆದರೆ ಮತ್ತೆ ಮುಚ್ಚಿ, ಒಳಗೆ ಕುರಿ ಇರುತ್ತವೆ. ಮಳೆ ಜಾಕೆಟ್ ಬಿಸಿಲಿದ್ದರೂ ಚೀಲದಲ್ಲಿರಲಿ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು, ಬೆಳಗ್ಗೆಯೇ ಹೊರಡಿ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿಪುಡಿಗಿಂತ ಬೇರೆ ಬೇಡ.

ನಾಳೆ ಆ ಹುಡುಗರನ್ನು ಇಲ್ಲೇ ಹತ್ತಿರದ ಜೋಗಿಮಟ್ಟಿ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಹೊಸ ಬೂಟು ಹಾಕಿಕೊಂಡೇ ಬನ್ನಿ ಅಂದಿದ್ದೇನೆ. ಕಚ್ಚುವುದಿದ್ದರೆ ಇಲ್ಲೇ ಕಚ್ಚಲಿ.